ಕಾಸಿನಗಲ ಜಾಗ

ಶನಿವಾರ, ಬೆಳಗಿನ ಐದು.
ಉಕ್ಕಿನ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ರೋಕ್ ಬಾಗಿಲಲ್ಲಿ ಬೂಟು ಕಳಚುತ್ತಿದ್ದಾನೆ,
ನಾವು ಮೂವರು ಅದೇ ಬಾಗಿಲಲ್ಲಿ ಬೂಟು ಕಟ್ಟುತ್ತಿದ್ದೇವೆ.
ಅವನಿಗೆ ಹಾಸಿಗೆ, ನಮಗೆ ಬೆಟ್ಟ.
"ಮೋಡ ನೋಡಿಕೋ, ಅಲೆಂಕಾ" ಅಂದ.
ಮಾತು ಮುಗಿಯುವ ಮೊದಲೇ ಆಕಳಿಕೆ.

ವಿದ್‌ನ ಬೂಟು ಅಕ್ಕನದು. ಅಕ್ಕನದು
ಮೇಲಿನ ಮಹಡಿಯ ಹುಡುಗನದು.
ಸುತ್ತಿ ಸುತ್ತಿ ಕಟ್ಟಿದರೂ ಮಿಗುತ್ತದೆ ದಾರ.

ಬ್ರೀನಾಳ ಚೀಲದಲ್ಲಿ ಅಂಗೈಯಷ್ಟು ಪುಸ್ತಕ,
ಪುಟಕ್ಕೊಂದು ಶಿಖರ.
ಪ್ರತಿ ತುದಿಯಲ್ಲೂ ಒಂದು ತಗಡಿನ ಪೆಟ್ಟಿಗೆ,
ಒಳಗೆ ಸರಪಳಿ ಬಿಗಿದ ಮುದ್ರೆ:
ಹತ್ತಿದವರು ತಾವೇ ಒತ್ತಿಕೊಳ್ಳಬೇಕು.
ಹನ್ನೊಂದು ಆಗಿವೆ. ಹನ್ನೆರಡಾದರೆ
ಊರಿನ ಪರ್ವತ ಸಂಘದವರು ಬಿಲ್ಲೆ ಕೊಡುತ್ತಾರೆ,
ಹಿತ್ತಾಳೆಯದು, ಕಾಸಿನಗಲ.
ಚಳಿಗಾಲವಿಡೀ ಗೋಡೆಗೆ ಮೊಳೆ ಹೊಡೆದು ಕಾದಿದ್ದಾಳೆ.

ಬೀಚ್ ಮರಗಳ ಮೈಮೇಲೆ ದಾರಿಯ ಗುರುತು,
ಕೆಂಪು ಬಳೆಯೊಳಗೆ ಬಿಳಿಯ ಚುಕ್ಕೆ.
ವಿದ್ ಒಂದನ್ನೂ ಬಿಡದೆ ಮುಟ್ಟುತ್ತಾನೆ,
"ಡೋಬರ್ ದಾನ್" ಅನ್ನುತ್ತಾನೆ ಒಂದೊಂದಕ್ಕೂ,
ದಫ್ತರಿನ ಗುಮಾಸ್ತರಿಗೆ ಅಂದ ಹಾಗೆ.
"ಇನ್ನೆಷ್ಟು ದೂರ?" "ಆ ತಿರುವು."
"ಈಗ?" "ಅದರಾಚೆಯ ತಿರುವು."
ತಿರುವಿಗೊಂದು ಸುಳ್ಳು,
ಸುಳ್ಳಿಗೊಂದು ಒಣಸೇಬಿನ ಚೂರು.
ಅವನಿಗೂ ಗೊತ್ತು. ಸೇಬಿಗಾಗಿ ಕೇಳುತ್ತಾನೆ.

ಕಾಡು ಮುಗಿದಲ್ಲಿ ಹುಲ್ಲುಗಾವಲು,
ಹುಲ್ಲೇ ಕಾಣದಷ್ಟು ನರ್ಗಿಸ್ ಹೂ,
ಯಾರೋ ಹಾಲಿನ ಕ್ಯಾನು ಹೊತ್ತು ಎಡವಿಬಿದ್ದ ಹಾಗೆ.
ಮೂಗು ತೂರಿಸಿ ವಿದ್ ತೀರ್ಪು ಕೊಟ್ಟ:
"ಅಜ್ಜಿಯ ಬೀರುವಿನ ವಾಸನೆ."

ಗುಡುಗು ಬಂದದ್ದು ಆಸ್ಟ್ರಿಯಾದ ಕಡೆಯಿಂದ,
ಗಡಿಯಲ್ಲಿ ಯಾರನ್ನೂ ಕೇಳದೆ.
ಬೋಳು ತುದಿ ಎದುರಿಗೇ ಇತ್ತು,
ಪೆಟ್ಟಿಗೆಯ ತಗಡು ಮಿನುಗುತ್ತಿತ್ತು.
"ಇಪ್ಪತ್ತೇ ನಿಮಿಷ, ಅಮ್ಮಾ."
ಮಿಂಚಿತು. ಎಣಿಸಿದೆ, ಬಾಯಿಬಿಟ್ಟು, ಅವರಿಗೂ ಕೇಳಲೆಂದು:
ಒಂದು, ಎರಡು... ಏಳು.
ಮತ್ತೆ ಮಿಂಚಿತು. ಐದು.
"ಇಳಿ" ಅಂದೆ.

ಇಳಿದಳು. ನನಗಿಂತ ಮುಂದೆ, ನನ್ನತ್ತ ತಿರುಗದೆ,
ಕಲ್ಲುಗಳನ್ನು ಒದೆಯುತ್ತ, ಸೊಂಟದ ಮೇಲೆ
ಬಿಗಿಮುಷ್ಟಿ ಇಟ್ಟುಕೊಂಡು.
ಕುರಿಗಾಹಿಯ ಮುರುಕು ಗುಡಿಸಲಲ್ಲಿ
ಆಲಿಕಲ್ಲು ನಿಲ್ಲುವವರೆಗೆ ಕುಳಿತೆವು.
ರೊಟ್ಟಿ ಮುರಿದು ಕೊಟ್ಟೆ. ಮುಟ್ಟಲಿಲ್ಲ.
ಅವಳ ಪಾಲನ್ನು ವಿದ್ ತಿಂದ,
ಆಲಿಕಲ್ಲನ್ನೂ ನಂಚಿಕೊಂಡ.

ಹೊರಗೆ ಬಂದರೆ ಆಕಾಶ ತೊಳೆದಿಟ್ಟ ತಟ್ಟೆ.
ಮೋಡ ನಮ್ಮ ಬೆಟ್ಟ ಬಿಟ್ಟು ಬೇರೆ ಕಣಿವೆಗೆ ಹೋಗಿತ್ತು.
ತುದಿಯ ಮೇಲೆ ಬಿಸಿಲು.
ಬಿಸಿಲಲ್ಲಿ ಇಬ್ಬರು, ಇರುವೆಯಷ್ಟು,
ಪೆಟ್ಟಿಗೆಯ ಮೇಲೆ ಬಾಗಿದ್ದರು.
"ನೋಡು" ಅಂದಳು ಬ್ರೀನಾ. ಅಷ್ಟೇ.
ನೋಡಿದೆ. ಉತ್ತರ ಇರಲಿಲ್ಲ,
ಇದ್ದ ಒಂದೆರಡನ್ನು ನುಂಗಿಕೊಂಡೆ.

ಮನೆಯಲ್ಲಿ ಹುರುಳಿಕಾಯಿ ಸಾರು,
ಹೀಟರಿನ ಮೇಲೆ ಆರು ಕಾಲುಚೀಲ, ಅವುಗಳ ಘಾಟು.
ಎದ್ದು ಬಂದ ರೋಕ್ ಕೇಳಿದ, "ಏನಾಯಿತು?"
"ಅಮ್ಮ ಹೆದರಿದಳು" ಅಂದ ವಿದ್.
"ಹೌದು, ಹೆದರಿದೆ" ಅಂದೆ.
ಬ್ರೀನಾ ಚಮಚ ನಿಲ್ಲಿಸಿ ನನ್ನನ್ನೇ ನೋಡಿದಳು,
ಮೊದಲ ಸಲ ಕಂಡವಳ ಹಾಗೆ. ಮತ್ತೆ ಉಣ್ಣತೊಡಗಿದಳು.

ಭಾನುವಾರ ವಿದ್ ಆಲೂಗಡ್ಡೆ ಕೊರೆದು ಮುದ್ರೆ ಮಾಡಿದ.
ಬೀಟ್‌ರೂಟಿನ ರಸದಲ್ಲಿ ಅದ್ದಿ ಅದ್ದಿ ಒತ್ತಿದ:
ಕರೆಂಟು ಬಿಲ್ಲಿಗೆ, ಫ್ರಿಜ್ಜಿನ ಬಾಗಿಲಿಗೆ,
ಮಲಗಿದ್ದ ಅಪ್ಪನ ಹಿಮ್ಮಡಿಗೆ.
ಅಕ್ಕನ ಪುಸ್ತಕದತ್ತ ಬಂದಾಗ
ಅವಳು ಅದರ ಮೇಲೆ ಕೂತುಬಿಟ್ಟಳು.

ಸೋಮವಾರ ಚೀಲ ಒಗೆಯಲು ಬಿಚ್ಚಿದರೆ
ತಳದಲ್ಲಿ ಪುಸ್ತಕ, ಅಂಚು ಉಬ್ಬಿ ಇನ್ನೂ ತೇವ.
ಹನ್ನೆರಡನೆಯ ಪುಟದಲ್ಲಿ ಪೆನ್ಸಿಲಿನ ಅಕ್ಷರ:
"ಶನಿವಾರ. ಏಳು. ಆಮೇಲೆ ಐದು. ಇಳಿದೆವು."
ಅದರ ಕೆಳಗೆ ಜಾಗ ಬಿಟ್ಟಿದ್ದಾಳೆ,
ಕಾಸಿನಗಲ.