ಹಾಸಿಗೆಗೆ ನಾಲ್ಕು ಕಾಲು

ಸಾಲದ ಕಂತು ಬಂದ ದಿನಕ್ಕೆ ಇಲ್ಲೊಂದು ಹೆಸರಿದೆ: ಬೂಮ್.
ದಾರ್ ಎಸ್ ಸಲಾಮಿನ ಗುಡ್ಡದ ಹಾಸ್ಟೆಲಿನಲ್ಲಿ
ಬೆಳಗಿನ ಜಾವ ಯಾರದೋ ಫೋನು ಕುಂಯ್ಗುಟ್ಟಿದರೆ ಸಾಕು,
ಇದ್ದಬದ್ದ ಬಾಗಿಲೆಲ್ಲ ಒಟ್ಟಿಗೇ ತೆರೆಯುತ್ತವೆ.
ಹೆಬ್ಬೆಟ್ಟೊತ್ತುವ ಯಂತ್ರದ ಮುಂದೆ
ಸಾಲಕ್ಕೆ ಸಾಲು.
ಅದು ಸಾಲವೆಂದು ಆ ದಿನ ಯಾರಿಗೂ ನೆನಪಿರುವುದಿಲ್ಲ.

ಲಿಯೊಕಾಡಿಯಾಗೆ ಇರುತ್ತದೆ.
ಬುಕೋಬಾದವಳು, ಭೂಗರ್ಭಶಾಸ್ತ್ರ, ಮೂರನೆಯ ವರ್ಷ.
ಮಂಚದ ಮೇಲೆ ಕೂತು ನೋಟ್‌ಬುಕ್ಕಿಗೆ ಗೆರೆ ಹೊಡೆಯುತ್ತಾಳೆ:
ಅರವತ್ತು ದಿನ, ಆರು ಲಕ್ಷ ಶಿಲ್ಲಿಂಗ್.
ಒಂದು ಗಳಿಗೆ ಲಕ್ಷಾಧೀಶೆ.
ಆಮೇಲೆ ಕಳೆಯುವ ಲೆಕ್ಕ.
ತಮ್ಮನ ಶಾಲೆಯ ಬೂಟು, ಮೂವತ್ತೈದು ಸಾವಿರ.
ಮಾಮಾ ಸಿಕುಜುವಾಳ ಊಟದ ಬಾಕಿ, ಇಪ್ಪತ್ತೆರಡು.
ಕಲ್ಲೊಡೆಯುವ ಸುತ್ತಿಗೆ, ಅರವತ್ತು
(ಸಿಲಬಸ್ಸಿನಲ್ಲಿ ಸುತ್ತಿಗೆ ಇದೆ, ಅದರ ಬೆಲೆ ಇಲ್ಲ).
ಜೆರಾಕ್ಸು. ಸೋಪು. ಪ್ಯಾಡು. ದಲದಲಾ ಬಸ್ಸು.
'ಇತರೆ' ಎಂದು ಬರೆದು, ಪಕ್ಕದಲ್ಲಿ ಏನೂ ಬರೆಯದೆ
ಪೆನ್ನು ಕಚ್ಚುತ್ತ ಕೂರುತ್ತಾಳೆ.

ಮೊದಲ ವಾರ ಕ್ಯಾಂಟೀನಿನಲ್ಲಿ ಮೊಟ್ಟೆಯಲ್ಲಿ ಹುರಿದ ಚಿಪ್ಸು,
ಹುಡುಗರ ಕಾಲಲ್ಲಿ ಹೊಸ ಶೂ, ಬಾಯಲ್ಲಿ ಹೊಸ ಪ್ರೇಮ.
ಮೂರನೆಯ ವಾರ ಅನ್ನ, ಬೀನ್ಸ್ ಸಾರು.
ಆರನೆಯ ವಾರ ಜೋಳದ ಹಿಟ್ಟಿನ ಬಿಳಿ ಮುದ್ದೆ, ಮತ್ತು
ಸಾರಿನಲ್ಲಿ ಬೀನ್ಸ್ ಹುಡುಕುವ ಕೆಲಸ.
ಕೈ ಖಾಲಿಯಾದವನನ್ನು ಇಲ್ಲಿ 'ಒಗೆದುಹೋದ' ಅನ್ನುತ್ತಾರೆ.
ಬಾಲ್ಕನಿಯ ತಂತಿಯ ತುಂಬ ಬಟ್ಟೆ ಒಣಗುತ್ತಿದೆ,
ಅದರ ಕೆಳಗೆ
ಒಗೆದುಹೋದವರು ಒಣಗುತ್ತಿದ್ದಾರೆ.

ಅವಳ ಲೆಕ್ಕದಲ್ಲಿ ಇಲ್ಲದ ಹೆಸರೊಂದು
ಅವಳ ಮಂಚದಲ್ಲೇ ಇದೆ: ಮ್ವಾನಹಾವಾ, ಕಿಲ್ವಾದ ಹುಡುಗಿ.
ರೂಮು ಸಿಗಲಿಲ್ಲ, ಸಾಲವೂ ಸಿಗಲಿಲ್ಲ.
ಅಪ್ಪ ಸತ್ತದ್ದು ನಿಜ,
ಪತ್ರದ ಮೇಲಿನ ಮೊಹರು ಮಾತ್ರ ಬೇರೆ ಕಚೇರಿಯದು.
ಮೇಲ್ಮನವಿ 'ಪರಿಶೀಲನೆಯಲ್ಲಿದೆ' ಅನ್ನುತ್ತದೆ ಪರದೆ,
ಹದಿಮೂರು ವಾರದಿಂದ ಅದೇ ಮಾತು.
ಇಂಥವರಿಗೆ ಜಾಗ ಕೊಡುವುದಕ್ಕೆ ಇಲ್ಲಿ 'ಹೊರುವುದು' ಎನ್ನುತ್ತಾರೆ.
ಒಬ್ಬಳು ಹೊರುವವಳು, ಒಬ್ಬಳು ಹೊರೆ.
ವಾರ್ಡನ್ ಬಂದರೆ
ಹೊರೆ ಬಚ್ಚಲಲ್ಲಿ ನಲ್ಲಿ ತಿರುಗಿಸಿ ನಿಲ್ಲುತ್ತದೆ,
ಮೈಗೆ ನೀರು ತಾಗಿಸಿಕೊಳ್ಳದೆ, ಅರ್ಧ ಗಂಟೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಸರಿ.
ಎರಡೂವರೆ ಅಡಿ ಹಾಸಿಗೆ, ಕಾಲು ನಾಲ್ಕು.
ಗಾದೆ ಮಾಡಿದವರು
ಒಬ್ಬೊಬ್ಬರೇ ಮಲಗಿದವರಿರಬೇಕು.

ಮ್ವಾನಹಾವಾ ಸಂಜೆ ಉಬುಯು ಮಾರುತ್ತಾಳೆ,
ಸಕ್ಕರೆ, ಏಲಕ್ಕಿ, ಕೆಂಪು ಬಣ್ಣದ ಪಾಕದಲ್ಲಿ ಹೊರಳಿಸಿದ
ಬಾವೊಬಾಬಿನ ಬೀಜ, ಪೊಟ್ಟಣಕ್ಕೆ ಇನ್ನೂರು.
ಪರೀಕ್ಷೆಯ ಹಿಂದಿನ ರಾತ್ರಿ ಕಾರಿಡಾರಿನ ತುಂಬ ಕೆಂಪು ನಾಲಗೆಗಳು.
ಹಾಲಿನಪುಡಿಯ ಹಳೇ ಡಬ್ಬಿಯೇ ಅವಳ ಬ್ಯಾಂಕು.

ನಲವತ್ತೇಳನೆಯ ದಿನ.
ಬುಕೋಬಾದಿಂದ ಫೋನು, ಅಜ್ಜಿಗೆ ಇಂಜೆಕ್ಷನ್ನು.
ಇದ್ದದ್ದನ್ನೆಲ್ಲ ಫೋನಿನಿಂದಲೇ ಕಳಿಸಿ
ಲಿಯೊಕಾಡಿಯಾ ಗೋಡೆ ಕಡೆ ಮುಖ ಮಾಡಿ ಮಲಗಿದಳು,
ಹಸಿವಿಲ್ಲ ಎಂದಳು.
ಡಬ್ಬಿಯ ಮುಚ್ಚಳ ತೆರೆದ ಸದ್ದು.
ದಿಂಬಿನ ಕೆಳಗೆ ಹದಿನಾಲ್ಕು ಸಾವಿರ,
ಚಿಲ್ಲರೆಯಲ್ಲಿ, ಅಂಟಂಟು.

ಬೆಳಿಗ್ಗೆ ನೋಟ್‌ಬುಕ್ಕು ಬಿಚ್ಚಿದಳು.
ಜಮೆಯೋ, ಸಾಲವೋ?
ಎಷ್ಟು ಹೊತ್ತಾದರೂ ಪೆನ್ನು ಇಳಿಯಲಿಲ್ಲ.
ಕೊನೆಗೆ ಪುಟದ ಅಂಚಿನಲ್ಲಿ ಉಳಿದದ್ದು
ಒಂದು ಕೆಂಪು ಬೆರಳಿನ ಗುರುತು,
ಯಾವ ಯಂತ್ರವೂ ಕೇಳದ್ದು.

ಇನ್ನು ಹದಿಮೂರು ದಿನ.
ರಾತ್ರಿ ಫ್ಯಾನು ನಿಂತಿದೆ, ಸೊಳ್ಳೆಪರದೆ ಒಂದೇ.
ಒಬ್ಬಳೇ ಮಗ್ಗುಲು ಬದಲಿಸಿದರೆ ಇನ್ನೊಬ್ಬಳು ನೆಲಕ್ಕೆ.
"ತಿರುಗೋಣವಾ?" ಅನ್ನುತ್ತದೆ ಕತ್ತಲಲ್ಲಿ ಒಂದು ದನಿ.
"ಹೂಂ, ತಿರುಗು."
ಮಂಚ ಕಿರ್ರೆನ್ನುತ್ತದೆ.