ಒಂದು ಒಂದು ಏಳು

ದುಬ್ನಾ. ರಾತ್ರಿ ಪಾಳಿ. ಹೊರಗೆ ವೋಲ್ಗಾ
ಎರಡು ಗೇಣು ಹಿಮ ಹೊದ್ದು ಮಲಗಿದೆ.
ಒಳಗೆ ಕ್ಲಾವ್ದಿಯಾ ಸವೇಲ್ಯೆವ್ನಾ
ಗುಂಯ್‌ಗುಡುವ ಯಂತ್ರಕ್ಕೆ ಕಾವಲು ಕೂತು
ಮೊಮ್ಮಗನ ಕಾಲುಚೀಲ ಹೆಣೆಯುತ್ತಿದ್ದಾಳೆ.
ಹಿಮ್ಮಡಿಯ ತಿರುವೇ ಕಷ್ಟ. ಉಳಿದದ್ದು ನೇರ.

ಯಂತ್ರದ ಕೆಲಸವೂ ನೇರ:
ಸುಣ್ಣ ಎಸೆಯುವುದು.
ಹಲ್ಲಿನೊಳಗಿನ ಸುಣ್ಣ, ಮೊಟ್ಟೆಚಿಪ್ಪಿನ ಸುಣ್ಣ,
ನಮ್ಮಜ್ಜಿ ಎಲೆಯ ಬೆನ್ನಿಗೆ ಬೆರಳಲ್ಲಿ ಸವರುತ್ತಿದ್ದ ಸುಣ್ಣ;
ಅದೇ ವಂಶ, ಆದರೆ ತೂಕದವನು, ನಲವತ್ತೆಂಟರವನು,
ಐನೂರು ಮಂದಿಯಲ್ಲಿ ಒಬ್ಬ ಸಿಕ್ಕರೆ ಪುಣ್ಯ.
ಅಂಥವರನ್ನು ಹೆಕ್ಕಿ, ಬೆಳಕಿನ ಹತ್ತರಲ್ಲೊಂದು ವೇಗಕ್ಕೆ ತಂದು
ಸೆಕೆಂಡಿಗೆ ಲಕ್ಷಕೋಟಿ ಲೆಕ್ಕದಲ್ಲಿ ತೂರುವುದು.

ಎದುರಿಗಿರುವವನು ಬರ್ಕೀಲಿಯಂ.
ಸಾಗರದಾಚೆಯ ಒಲೆಯಲ್ಲಿ ತಿಂಗಳುಗಟ್ಟಲೆ ಬೆಂದು
ಸಾಸಿವೆ ಕಾಳಿನಷ್ಟು ಉಳಿದವನು.
ಮುನ್ನೂರ ಮೂವತ್ತು ದಿನಕ್ಕೆ ಅರ್ಧ ಕರಗುವ ಸರಕು;
ಕಾಗದ ಸರಿಯಿಲ್ಲವೆಂದು ವಿಮಾನ ನಿಲ್ದಾಣದಿಂದಲೇ ವಾಪಸು.
ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುತ್ತೇವಲ್ಲ,
ಇಲ್ಲಿ ಅದು ಗಾದೆಯಲ್ಲ. ಮತ್ತೆ ಸಾಗರ, ಮತ್ತೆ ಮೊಹರು,
ಮತ್ತೊಂದಿಷ್ಟು ಕರಗಿ ಕೊನೆಗೂ ದಿಮಿತ್ರೋವ್‌ಗ್ರಾದ್ ತಲುಪಿದಾಗ
ತಾತಾರರ ಹುಡುಗಿ ಫ್ಲ್ಯೂರಾ ಉಸಿರು ಬಿಗಿಹಿಡಿದು
ತೆಳು ಹಾಳೆಯ ಮೇಲೆ ಅವನನ್ನು ಬಳಿದಳು,
ಮಲಗಿದ ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚಿದಂತೆ.

ಇಪ್ಪತ್ತು, ತೊಂಬತ್ತೇಳು.
ಒಂದನೇ ತರಗತಿಯ ಮಗುವೂ ಕೂಡಿಸೀತು.
ಕೂಡಲು ಒಲ್ಲದವು ಅವೇ.
ಇವನಲ್ಲಿ ಧನ, ಅವನಲ್ಲಿ ಧನ,
ಇಬ್ಬರು ಸಿರಿವಂತರು ಒಂದೇ ಪಡಸಾಲೆಯಲ್ಲಿ ನಿಂತ ಹಾಗೆ.
ಎಪ್ಪತ್ತು ದಿನ. ಬರೀ ಡಿಕ್ಕಿ, ಬರೀ ಚೂರು.

ಮೂರು ನಲವತ್ತಕ್ಕೆ ಯಂತ್ರ ಸುಮ್ಮನಾಯಿತು.

ತೂಕಡಿಸುತ್ತಿದ್ದ ಕ್ಲಾವ್ದಿಯಾ ಎಚ್ಚರಗೊಂಡದ್ದು ಸದ್ದಿಗಲ್ಲ,
ಸದ್ದು ಹೋದದ್ದಕ್ಕೆ. ತೊಟ್ಟಿಲು ನಿಂತರೆ ಕೂಸು ಏಳುವಂತೆ.
ನನ್ನ ಭಾಷೆಯಲ್ಲಾದರೆ ಆ ಅಂಕಿಯೇ ಅವಳನ್ನು ಎಬ್ಬಿಸುತ್ತಿತ್ತು:
ಒಂದು, ಒಂದು, ಏಳು!
ಅವಳದು ಬೇರೆ ಭಾಷೆ. ಫ್ಯೂಸು ಹೋಯಿತೆಂದೇ ಬಗೆದು
ಕರೆಂಟಿನ ಯೆಮೆಲ್ಯಾನ್‌ಗೆ ಫೋನು ಹಚ್ಚಿ, ಅವನ ಕುಡಿತವನ್ನೂ
ಅವನ ತಂದೆಯ ಕುಡಿತವನ್ನೂ ಬೈದು,
ಚಹಾ ಚೆಲ್ಲಿದ ದಿನಚರಿಯಲ್ಲಿ ಬರೆದಳು:
ಕಿರಣ ನಿಂತಿದೆ. ಕಾರಣ ತಿಳಿಯದು.

ಕಾರಣ ಆಗಲೇ ಇರಲಿಲ್ಲ.
ರೆಪ್ಪೆ ಇಳಿದು ಏಳುವಷ್ಟರಲ್ಲಿ ಅದರ ಬಾಳು ಮುಗಿದಿತ್ತು.
ಅದು ಸತ್ತ ಸುಳಿವು ಸಿಕ್ಕ ಮೇಲೆಯೇ
ಯಂತ್ರ ತಾನಾಗಿ ಬಾಯಿ ಮುಚ್ಚಿದ್ದು,
ಮಕ್ಕಳ ಸದ್ದು ಕೇಳಿಸಲೆಂದು.

ತಂದೆಯ ಹೆಸರು ಕೇಳಿ ಮಗನ ಗುರುತು ಹಿಡಿಯುವ ಲೋಕದಲ್ಲಿ
ಇಲ್ಲಿ ಎಲ್ಲ ತಿರುವುಮುರುವು.
ನೂರ ಹದಿನೈದು, ಹದಿಮೂರು, ಹನ್ನೊಂದು,
ಒಂದೊಂದು ಮೆಟ್ಟಿಲಿಗೂ ಒಂದು ಕಿಡಿ ಉಗುಳಿ ಇಳಿದು
ಮರುದಿನ ಕಡೆಯ ಕುಡಿ ಎರಡು ಹೋಳಾಯಿತು.
ಅದರ ಹೆಸರು ಡುಬ್ನಿಯಂ. ಇದೇ ಊರಿನದು.
ಎಲ್ಲಿಂದಲೋ ಬಂದವನ ಮೊಮ್ಮಕ್ಕಳ ಮೊಮ್ಮಗ
ನಮ್ಮ ಓಣಿಯಲ್ಲೇ ತೀರಿಕೊಂಡ ಹಾಗೆ.

ಬಣ್ಣ? ಯಾರೂ ಕಂಡಿಲ್ಲ. ವಾಸನೆ? ಮೂಗಿಗೆ ಸಾಲದು.
ಹುಟ್ಟಿದ್ದು ಉಪ್ಪು ಮಾಡುವವರ ಮನೆಯಲ್ಲಿ,
ಕ್ಲೋರಿನ್ನು ಅಣ್ಣ, ಅಯೋಡಿನ್ನು ಅಕ್ಕ;
ಇವನು ಮಾತ್ರ ಉಪ್ಪು ಕಟ್ಟುವುದು ಅನುಮಾನ ಎನ್ನುತ್ತದೆ ಲೆಕ್ಕ.
ಒಡಲು ಅಷ್ಟು ಭಾರವಾಗಿ, ಒಳಸುತ್ತಿನ ಎಲೆಕ್ಟ್ರಾನುಗಳು
ಬೆಳಕಿನ ಬೆನ್ನಟ್ಟಿ ಓಡಿ, ಮನೆತನದ ನಡತೆಯೇ ಮರೆತು
ಅರ್ಧ ಲೋಹ, ಅರ್ಧ ಏನೋ.
ಯಾರ ಉಪ್ಪಿನ ಋಣವೂ ಇಲ್ಲದೆ ಹೋದವನು.

ಎರಡು ದಿನ ಕಳೆದು ಇನ್ನೋಕೆಂಟಿ ಓಡಿಬಂದ,
ಕೈಯಲ್ಲಿ ಹಾಳೆ, ಟೋಪಿ ಹಿಂದುಮುಂದು.
'ಕ್ಲಾವ್ದಿಯಾ ಸವೇಲ್ಯೆವ್ನಾ, ಆಗ ನೀವೇ ಇದ್ದಿರಿ!'
'ಇದ್ದೆ. ಯೆಮೆಲ್ಯಾನ್‌ಗೆ ಬೈಯುತ್ತಿದ್ದೆ.'
ಅವಳು ದಿನಚರಿ ತೆಗೆದಳು. ಚಹಾದ ಕಲೆ ಒಣಗಿತ್ತು.
'ತಿಳಿಯದು' ಎಂಬುದನ್ನು ಹೊಡೆದುಹಾಕಲು ಅವನು ಪೆನ್ನು ಚಾಚಿದ;
ಬೇಡ, ಇರಲಿ, ಆಗ ತಿಳಿದಿರಲಿಲ್ಲ ತಾನೆ, ಎಂದಳು.

ಮನೆಗೆ ಹೋಗಿ ದೀಪದ ಕೆಳಗೆ ನೋಡಿದರೆ
ಹಿಮ್ಮಡಿಯಲ್ಲಿ ಒಂದು ಕಣ್ಣು ತಪ್ಪಿತ್ತು,
ರಾಗಿಕಾಳು ತೂರುವಷ್ಟು.
ಬಿಚ್ಚಬೇಕೆಂದು ಸೂಜಿ ತೆಗೆದು,
ಬಹಳ ಹೊತ್ತು ಹಾಗೆಯೇ ಹಿಡಿದು ಕೂತಳು.