ಮೂರನೆಯ ಖಾನೆ

ಸುರಬಾಯ ಊರಿನ ಕಾಲಿಮಾಸ್ ಹೊಳೆಯ ಪಕ್ಕ, ಟೈರ್ ಅಂಗಡಿಯ ಮೇಲೆ
ನಾನೂ ಗಲೂಹಳೂ ಒಂದು ಪಂಚಾಂಗ ಕಟ್ಟುತ್ತಿದ್ದೇವೆ:
ಯಾರು ಯಾವ ರಾತ್ರಿ ಲೈವ್ ಬರಬೇಕು,
ಎಷ್ಟು ಹೊತ್ತಿಗೊಮ್ಮೆ ಯಾವ ಡಬ್ಬಿ ಎತ್ತಿ ತೋರಿಸಬೇಕು,
ಯಾವ ಕಂಪನಿ ಯಾರಿಗೆ ಇನ್ನೂ ದುಡ್ಡು ಕೊಟ್ಟಿಲ್ಲ.
(ಕೊನೆಯ ಪಟ್ಟಿಯೇ ಉದ್ದ.)

ಕರಾರಿಗೆ ಎರಡೇ ಖಾನೆ: ನಡೆಯಿತು, ತಪ್ಪಿತು.
ಸಾಕು ಅಂದುಕೊಂಡಿದ್ದೆವು.

ನಿನ್ನೆ ನಿಂಗ್ರುಮ್,
ಹಗಲು ಸೀಗಡಿ ಸುಲಿಯುವ ಕಾರ್ಖಾನೆ, ರಾತ್ರಿ ಆಟದ ಲೈವ್,
ನಿದ್ದೆ ಓಡಿಸುವ ಪಾನೀಯದ ಜೊತೆ ಆರು ತಿಂಗಳ ಒಪ್ಪಂದ,
ಮೂರು ಗಂಟೆಗೆ, ಆಟದ ನಡುವೆ
ಕೀಲಿಮಣೆಗೆ ಕೆನ್ನೆಯಿಟ್ಟು ನಿದ್ದೆಹೋದಳು.
ಡಬ್ಬಿ ಮೂಗಿನ ಹತ್ತಿರವೇ. ಹೆಸರು ಕ್ಯಾಮೆರಾಗೆ ನೇರ.
ಪರದೆಯಲ್ಲಿ ಅವಳ ಸೈನಿಕ
ಗೋಡೆಗೆ ಮುಖ ಕೊಟ್ಟು ನಡೆಯುತ್ತಲೇ ಇದ್ದ.

ಇನ್ನೂರು ಜನ ಇದ್ದದ್ದು ಒಂಬತ್ತು ಸಾವಿರವಾಯಿತು.
ಯಾರೋ ಬರೆದರು: ಶ್, ಮೆಲ್ಲಗೆ ಟೈಪ್ ಮಾಡಿ.
ಮೆಲ್ಲಗೆ ಟೈಪ್ ಮಾಡಿದರು.

ಬೆಳಿಗ್ಗೆ ಕಂಪನಿಯ ಪತ್ರ: ಕರಾರು ತಪ್ಪಿತು.
ಹತ್ತು ನಿಮಿಷಕ್ಕೆ ಅದೇ ಕಂಪನಿಯ ಇನ್ನೊಬ್ಬರು:
ಮುಂದಿನ ಶುಕ್ರವಾರ ಇದೇ ಹೊತ್ತಿಗೆ ಮತ್ತೆ ಮಲಗುತ್ತಾಳಾ, ಕೇಳಿ.

ಗಲೂಹ್ ನಕ್ಕಳು. ನನಗೆ ನಗು ಬರಲಿಲ್ಲ.
ರಾತ್ರಿಯಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತದ್ದು ನಾನು ಬರೆದ ಕೋಡು;
ಅವಳ ನಿದ್ದೆಯನ್ನೂ ಎಣಿಸಿಟ್ಟಿದೆ: ನಲವತ್ತೊಂದು ನಿಮಿಷ.

ಮೂರನೆಯ ಖಾನೆ ಸೇರಿಸಿದೆ. ಹೆಸರು ಹೊಳೆಯದೆ
ಬರೀ ಒಂದು ಅಡ್ಡಗೆರೆ ಎಳೆದೆ.
ಕಂಪನಿಯವರಿಗೆ ಅದು ಕಾಣುವುದಿಲ್ಲ.
ನಿಂಗ್ರುಮ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ.
ಸೀಗಡಿ ಪಾಳಿ ಆರಕ್ಕೇ ಶುರು.